ಸ್ಪ್ಲ್ಯಾಶ್ ಮೌಂಟನ್ ಬದಲಾವಣೆಯ ವಿವಾದ

ಅಮೆರಿಕದ ಡಿಸ್ನಿ ಸಂಸ್ಥೆಯ ಎರಡು ಮನರಂಜನಾ ಉದ್ಯಾನಗಳಲ್ಲಿದ್ದ 'ಸ್ಪ್ಲ್ಯಾಶ್ ಮೌಂಟನ್' ಎಂಬ ಜಲಸವಾರಿಯನ್ನು ಮುಚ್ಚಿ, ಅದೇ ಕಾಲುವೆಯಲ್ಲಿ 'ಟಿಯಾನಾಸ್ ಬಾಯೂ ಅಡ್ವೆಂಚರ್' ಎಂಬ ಹೊಸ ಸವಾರಿಯನ್ನು ರೂಪಿಸಿದ್ದು 2020ರಿಂದ ಉದ್ಯಾನಪ್ರಿಯರ ನಡುವೆ ದೀರ್ಘ ಚರ್ಚೆಗೆ ಕಾರಣವಾಗಿದೆ. ಇದೇ ಸ್ಪ್ಲ್ಯಾಶ್ ಮೌಂಟನ್ ಬದಲಾವಣೆಯ ವಿವಾದ. ಜನಾಂಗೀಯ ತಾರತಮ್ಯದ ಪ್ರಶ್ನೆಯಾಗಿ ಆರಂಭವಾದ ಚರ್ಚೆಯು ಬರಬರುತ್ತ ಬಾಲ್ಯದ ನೆನಪಿನ ಮೇಲೆ ಯಾರಿಗೆ ಹಕ್ಕಿದೆ, ಕಥೆಯೊಂದರ ಒಡೆಯರು ಯಾರು ಎಂಬ ಪ್ರಶ್ನೆಗಳಿಗೆ ಹೊರಳಿಕೊಂಡಿತು.

ಸವಾರಿಯ ಸ್ವರೂಪ

ಸ್ಪ್ಲ್ಯಾಶ್ ಮೌಂಟನ್ ಮೊದಲು ಆರಂಭವಾದದ್ದು 1989ರ ಜುಲೈ 17ರಂದು, ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿರುವ ಡಿಸ್ನಿಲ್ಯಾಂಡಿನಲ್ಲಿ. 1992ರ ಅಕ್ಟೋಬರ್‌ನಲ್ಲಿ ಟೋಕಿಯೊ ಡಿಸ್ನಿಲ್ಯಾಂಡ್ ಮತ್ತು ಫ್ಲಾರಿಡಾದ ಮ್ಯಾಜಿಕ್ ಕಿಂಗ್‌ಡಮ್‌ಗಳಲ್ಲಿಯೂ ಇದನ್ನು ತೆರೆಯಲಾಯಿತು. ಮರದ ದಿಮ್ಮಿಯ ಆಕಾರದ ದೋಣಿಯಲ್ಲಿ ಕುಳಿತವರು ಯಂತ್ರಚಾಲಿತ ಪ್ರಾಣಿಗೊಂಬೆಗಳ ನಡುವೆ ಸಾಗಿ, ಕೊನೆಗೆ ಸುಮಾರು 50 ಅಡಿ ಎತ್ತರದಿಂದ ನೀರಿಗೆ ಧುಮುಕುತ್ತಿದ್ದರು.

ಇದರ ಕಲ್ಪನೆ 1983ರಲ್ಲಿ ಡಿಸ್ನಿಯ ವಿನ್ಯಾಸಕಾರ ಟೋನಿ ಬ್ಯಾಕ್ಸ್‌ಟರ್ ಅವರದು. ಡಿಸ್ನಿಲ್ಯಾಂಡಿನಲ್ಲಿ 1974ರಿಂದ 1988ರವರೆಗೆ ನಡೆದ 'ಅಮೆರಿಕ ಸಿಂಗ್ಸ್' ಎಂಬ ಸಂಗೀತ ಪ್ರದರ್ಶನದ ಅನೇಕ ಪ್ರಾಣಿಗೊಂಬೆಗಳನ್ನೇ ಇಲ್ಲಿಗೆ ತಂದು ಬಳಸಲಾಯಿತು. ಅಂದರೆ, ಮುಂದೆ ಪರಂಪರೆಯೆಂದು ಹೆಸರಾದ ಈ ಸವಾರಿಯೇ ಇನ್ನೊಂದು ಆಕರ್ಷಣೆ ಮುಚ್ಚಿದ್ದರ ಫಲ. ಚರ್ಚೆಯ ಕಾವಿನಲ್ಲಿ ಈ ಸಂಗತಿ ಅಷ್ಟಾಗಿ ನೆನಪಿಗೆ ಬರಲಿಲ್ಲ.

ಕಥೆಗಳ ಮೂಲ

ಸವಾರಿಯ ಕಥಾವಸ್ತುವನ್ನು 'ಸಾಂಗ್ ಆಫ್ ದಿ ಸೌತ್' (1946) ಎಂಬ ಡಿಸ್ನಿ ಚಲನಚಿತ್ರದ ವ್ಯಂಗ್ಯಚಿತ್ರ ಭಾಗಗಳಿಂದ ಪಡೆಯಲಾಗಿತ್ತು. ಬ್ರೆರ್ ರ‍್ಯಾಬಿಟ್, ಬ್ರೆರ್ ಫಾಕ್ಸ್, ಬ್ರೆರ್ ಬೇರ್ ಎಂಬವು ಅದರ ಮುಖ್ಯ ಪಾತ್ರಗಳು. 'ಬ್ರೆರ್' ಎಂಬುದು 'ಬ್ರದರ್' ಎಂಬುದರ ಆಡುರೂಪ. ಕನ್ನಡದಲ್ಲಿ ಮೊಲಣ್ಣ, ನರಿಯಣ್ಣ, ಕರಡಿಯಣ್ಣ ಎಂದರೆ ಹತ್ತಿರವಾದೀತು. ಚಿತ್ರದಲ್ಲಿ ಈ ಕಥೆಗಳನ್ನು ಜಾರ್ಜಿಯಾದ ತೋಟವೊಂದರಲ್ಲಿ ಅಂಕಲ್ ರೀಮಸ್ ಎಂಬ ಕಪ್ಪುವರ್ಣೀಯ ವೃದ್ಧನು ಬಿಳಿಯ ಬಾಲಕನಿಗೆ ಹೇಳುತ್ತಾನೆ. ತೋಟದ ಬದುಕನ್ನು ಒಡೆಯರೂ ಆಳುಗಳೂ ನಕ್ಕುನಲಿಯುವ ಸುಖದ ಚಿತ್ರವಾಗಿ ತೋರಿಸಲಾಗಿದೆಯೆಂದು ಕಪ್ಪುವರ್ಣೀಯರ ಹಕ್ಕುಗಳ ಸಂಘಟನೆಯಾದ ಎನ್‌ಎಎಸಿಪಿ ಬಿಡುಗಡೆಯ ಕಾಲದಲ್ಲಿಯೇ ಆಕ್ಷೇಪಿಸಿತ್ತು. ಆದ್ದರಿಂದ ಈ ಆಕ್ಷೇಪ ಇಂದಿನ ತಲೆಮಾರಿನ ಆವಿಷ್ಕಾರವೆಂಬ ಮಾತು ಸರಿಯಲ್ಲ. ರೀಮಸ್ ಪಾತ್ರವನ್ನು ವಹಿಸಿದ ಜೇಮ್ಸ್ ಬ್ಯಾಸ್ಕೆಟ್ ಅವರಿಗೆ 1948ರಲ್ಲಿ ಗೌರವ ಆಸ್ಕರ್ ಪ್ರಶಸ್ತಿ ದೊರೆಯಿತು. ಅದೇ ನಟರು ಅಟ್ಲಾಂಟದಲ್ಲಿ ನಡೆದ ತಮ್ಮ ಚಿತ್ರದ ಮೊದಲ ಪ್ರದರ್ಶನದಲ್ಲಿ ಅಲ್ಲಿನ ಪ್ರತ್ಯೇಕತಾ ನೀತಿಯ ಕಾರಣ ಭಾಗವಹಿಸಲಾಗಲಿಲ್ಲ.

ಚಿತ್ರಕ್ಕಿಂತ ಕಥೆಗಳು ಹಳೆಯವು. ಬಿಳಿಯ ಪತ್ರಕರ್ತ ಜೋಯೆಲ್ ಚಾಂಡ್ಲರ್ ಹ್ಯಾರಿಸ್ ಬಾಲ್ಯದಲ್ಲಿ ತೋಟದ ಗುಲಾಮರ ಬಾಯಿಂದ ಕೇಳಿದ ಕಥೆಗಳನ್ನು ಬರೆದು, 1880ರಲ್ಲಿ ಮೊದಲ ಸಂಕಲನವನ್ನು ಪ್ರಕಟಿಸಿದರು. ದುರ್ಬಲ ಮೊಲವು ಬುದ್ಧಿಬಲದಿಂದ ಬಲಿಷ್ಠರನ್ನು ಗೆಲ್ಲುವ ಈ ಕಥೆಗಳಿಗೆ ಆಫ್ರಿಕದ ಮೊಲದ ಕಥೆಗಳೊಡನೆ ನಿಕಟ ಸಂಬಂಧವಿದೆ. ಸಿಂಹವನ್ನು ಬಾವಿಗೆ ಕೆಡಹಿದ ಪಂಚತಂತ್ರದ ಮೊಲವನ್ನು ಬಲ್ಲವರಿಗೆ ಈ ಮೊಲಣ್ಣ ಅಪರಿಚಿತನಲ್ಲ. ಡಾಂಬರಿನ ಗೊಂಬೆಗೆ ಮೊಲ ಅಂಟಿಕೊಳ್ಳುವ ಪ್ರಸಿದ್ಧ ಕಥೆಯನ್ನು ಬೌದ್ಧ ಜಾತಕದ ಪಂಚಾವುಧ ರಾಜಕುಮಾರನ ಕಥೆಯೊಡನೆ ಜೋಸೆಫ್ ಜೇಕಬ್ಸ್ ಮೊದಲಾದವರು ಹೋಲಿಸಿದ್ದುಂಟು. ಭಾರತವೇ ಮೂಲವೆಂಬ ವಾದವನ್ನು ಎಲ್ಲ ಜಾನಪದ ವಿದ್ವಾಂಸರೂ ಒಪ್ಪಿಲ್ಲ. ಹ್ಯಾರಿಸ್ ಹುಟ್ಟಿದ ಈಟನ್‌ಟನ್ ಊರಿನವರೇ ಆದ ಲೇಖಕಿ ಆಲಿಸ್ ವಾಕರ್, ತಮ್ಮ ಜನರ ಪರಂಪರೆಯ ಪಾಲನ್ನು ಹ್ಯಾರಿಸ್ ಕಸಿದರೆಂಬ ಅರ್ಥದಲ್ಲಿ ಕಟುವಾಗಿ ಬರೆದಿದ್ದಾರೆ. ಉದ್ಯಾನಪ್ರಿಯರು ತಮ್ಮ ನೆನಪನ್ನು ಕಸಿಯಲಾಯಿತೆಂದು 2020ರಲ್ಲಿ ಹೇಳುವುದಕ್ಕೆ ದಶಕಗಳ ಮೊದಲೇ, ಕಸಿದುಕೊಂಡ ದೂರು ಈ ಕಥೆಗಳ ಬೆನ್ನಿಗಿತ್ತು.

ಡಿಸ್ನಿಗೆ ಇದೆಲ್ಲ ತಿಳಿಯದ ವಿಷಯವಾಗಿರಲಿಲ್ಲ. ಅಮೆರಿಕದ ಚಿತ್ರಮಂದಿರಗಳಲ್ಲಿ ಈ ಚಿತ್ರದ ಕೊನೆಯ ಮರುಬಿಡುಗಡೆ 1986ರಲ್ಲಿ ನಡೆಯಿತು. ಅಲ್ಲಿ ಅದು ಮನೆಬಳಕೆಯ ವಿಡಿಯೊ ರೂಪದಲ್ಲಿ ಪೂರ್ಣವಾಗಿ ಎಂದೂ ಹೊರಬರಲಿಲ್ಲ. ಹಾಗಿದ್ದೂ ಮೂರೇ ವರ್ಷಗಳಲ್ಲಿ ಅದೇ ಚಿತ್ರದ ಸವಾರಿ ತೆರೆಯಿತು. ಅಂಕಲ್ ರೀಮಸ್‌ನನ್ನು ಕೈಬಿಡಲಾಯಿತು. ಡಾಂಬರಿನ ಗೊಂಬೆಯ ಜಾಗಕ್ಕೆ ಜೇನು ಬಂತು. ಮೂವತ್ತು ವರ್ಷಗಳ ಕಾಲ ದೋಣಿಯೇರಿದ ಮಕ್ಕಳಲ್ಲಿ ಬಹುಪಾಲು ಮಂದಿಗೆ ಇಂಥದೊಂದು ಚಿತ್ರವಿದೆಯೆಂಬುದೇ ತಿಳಿಯದೆ ಹೋದದ್ದು ಹೀಗೆ.

2020ರ ಘೋಷಣೆ ಮತ್ತು ವಾದಗಳು

2020ರ ಮೇ ತಿಂಗಳಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರ ಅಮೆರಿಕದಾದ್ಯಂತ ಪ್ರತಿಭಟನೆಗಳು ನಡೆದವು. ಸವಾರಿಯನ್ನು ಬದಲಿಸಬೇಕೆಂಬ ಮನವಿಗೆ ಜೂನ್‌ನಲ್ಲಿ ಸಾವಿರಾರು ಸಹಿಗಳು ಬಿದ್ದವು. ಉಳಿಸಬೇಕೆಂಬ ಪ್ರತಿಮನವಿಗೂ ಸಾವಿರಾರು ಸಹಿಗಳು ಬಿದ್ದವು. ಜೂನ್ 25ರಂದು ಡಿಸ್ನಿ ಸಂಸ್ಥೆಯು 'ದಿ ಪ್ರಿನ್ಸೆಸ್ ಅಂಡ್ ದಿ ಫ್ರಾಗ್' (2009) ಚಿತ್ರವನ್ನು ಆಧರಿಸಿ ಎರಡೂ ಅಮೆರಿಕನ್ ಸವಾರಿಗಳನ್ನು ಮಾರ್ಪಡಿಸುವುದಾಗಿ ಪ್ರಕಟಿಸಿತು. ಯೋಜನೆಯು ಹಿಂದಿನ ವರ್ಷವೇ ಆರಂಭವಾಗಿತ್ತೆಂದು ಸಂಸ್ಥೆ ಹೇಳಿತು. ಹಾಗಾದರೆ ಇದು ಪಶ್ಚಾತ್ತಾಪವೋ ವ್ಯಾಪಾರವೋ ಎಂಬ ಪ್ರಶ್ನೆಗೆ ಆ ಹೇಳಿಕೆಯೇ ಎಡೆಮಾಡಿತು.

ಉಳಿಸಬೇಕೆಂದವರನ್ನೆಲ್ಲ ಜನಾಂಗದ್ವೇಷಿಗಳೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಅವರಲ್ಲಿ ಅನೇಕರು ಸಮರ್ಥಿಸಿದ್ದು ಚಿತ್ರವನ್ನಲ್ಲ. ತಂದೆತಾಯಿಯರ ಜೊತೆ ನೆನೆದು ತೊಪ್ಪೆಯಾದ ಒಂದು ಬೇಸಗೆಯ ಮಧ್ಯಾಹ್ನವನ್ನು. ಸವಾರಿಯಲ್ಲಿ ತೋಟವಿಲ್ಲ, ಒಡೆಯನಿಲ್ಲ, ರೀಮಸ್ ಇಲ್ಲ. ಉಳಿದಿರುವುದು ಪ್ರಾಣಿಗಳು ಮಾತ್ರವೆಂದು ಅವರು ವಾದಿಸಿದರು. ಪ್ರಾಣಿಗಳನ್ನು ಆ ಕಥೆಗಳಿಂದಲೂ ಕಥೆಗಳನ್ನು ಹೇಳಿದವರಿಂದಲೂ ಬೇರ್ಪಡಿಸಿ ಹಣ ಗಳಿಸಿದ್ದೇ ತಪ್ಪೆಂಬುದು ಎದುರು ಪಕ್ಷದ ಉತ್ತರ. ಕಪ್ಪುವರ್ಣೀಯ ಬಾಲೆಯೊಬ್ಬಳು ಉದ್ಯಾನಕ್ಕೆ ಬಂದಾಗ ತನ್ನಂಥ ನಾಯಕಿಯನ್ನು ಅಲ್ಲಿ ಕಾಣುವುದು, ಇನ್ನೊಬ್ಬರ ಬಾಲ್ಯದ ನೆನಪಿಗಿಂತ ಕಡಿಮೆ ತೂಕದ್ದಲ್ಲ ಎಂಬ ಮಾತೂ ಬಂತು. ಈ ಎರಡನೆಯ ಮಾತಿಗೆ ಸಮರ್ಪಕವಾದ ಪ್ರತ್ಯುತ್ತರ ಚರ್ಚೆಯಲ್ಲಿ ಕಾಣಲಿಲ್ಲ.

ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ 2023ರ ಜನವರಿ 22 ಸವಾರಿಯ ಕೊನೆಯ ದಿನವಾಗಿತ್ತು. ಡಿಸ್ನಿಲ್ಯಾಂಡಿನಲ್ಲಿ ಅದೇ ವರ್ಷದ ಮೇ 30. ಜನರು ಗಂಟೆಗಟ್ಟಲೆ ಸಾಲಿನಲ್ಲಿ ನಿಂತರು. ಕಾಲುವೆಯ ನೀರೆಂದು ಹೇಳಿಕೊಂಡು ಸೀಸೆಗಳನ್ನು ಇಬೇ ಜಾಲತಾಣದಲ್ಲಿ ಮಾರಾಟಕ್ಕಿಟ್ಟವರೂ ಇದ್ದರು. ತೀರ್ಥಕ್ಷೇತ್ರಗಳಿಂದ ನೀರು ತರುವ ನಮಗೆ ಇದು ವಿಚಿತ್ರವೆನಿಸಬೇಕಾಗಿಲ್ಲ.

ಹೊಸ ಸವಾರಿ

ಟಿಯಾನಾಸ್ ಬಾಯೂ ಅಡ್ವೆಂಚರ್ ಫ್ಲಾರಿಡಾದಲ್ಲಿ 2024ರ ಜೂನ್ 28ರಂದು, ಕ್ಯಾಲಿಫೋರ್ನಿಯಾದಲ್ಲಿ ನವೆಂಬರ್ 15ರಂದು ಆರಂಭವಾಯಿತು. ಡಿಸ್ನಿಯ ಮೊದಲ ಆಫ್ರಿಕನ್-ಅಮೆರಿಕನ್ ರಾಜಕುಮಾರಿಯಾದ ಟಿಯಾನಾ, ನ್ಯೂ ಆರ್ಲಿಯನ್ಸ್ ನಗರದ ಅಡುಗೆಗಾರ್ತಿ. ಆ ಪಾತ್ರಕ್ಕೆ ಅಲ್ಲಿನ ಪ್ರಸಿದ್ಧ ಬಾಣಸಿಗರಾದ ಲಿಯಾ ಚೇಸ್ (1923–2019) ಸ್ಫೂರ್ತಿ. ಉತ್ಸವಕ್ಕೆ ವಾದ್ಯಗಾರರು ಬೇಕಾಗಿ, ಟಿಯಾನಾಳೊಡನೆ ಜೌಗುಪ್ರದೇಶದಲ್ಲಿ ಹಾಡುವ ಪ್ರಾಣಿಗಳನ್ನು ಹುಡುಕುವುದೇ ಕಥೆ.

ಗೊಂಬೆಗಳ ಚಲನೆಯನ್ನೂ ಸಂಗೀತವನ್ನೂ ಮೆಚ್ಚಿದವರು ಬಹಳ. ಆರಂಭದ ವಾರಗಳಲ್ಲಿ ಸವಾರಿ ಆಗಾಗ ಕೆಟ್ಟು ನಿಂತದ್ದು ಟೀಕೆಗೆ ಗುರಿಯಾಯಿತು. ಆದರೆ ಹೆಚ್ಚು ಗಂಭೀರವಾದ ಟೀಕೆ ಕಥೆಯ ಕುರಿತಾದದ್ದು. ಹಿಂದಿನ ಸವಾರಿಯಲ್ಲಿ ನರಿಯ ಕೈಗೆ ಸಿಕ್ಕ ಮೊಲವು ತನ್ನನ್ನು ಮುಳ್ಳುಪೊದೆಗೆ ಮಾತ್ರ ಎಸೆಯಬೇಡವೆಂದು ಬೇಡಿಕೊಳ್ಳುತ್ತದೆ. ನರಿ ಎಸೆಯುತ್ತದೆ, ಮುಳ್ಳುಪೊದೆಯಲ್ಲಿಯೇ ಹುಟ್ಟಿಬೆಳೆದ ಮೊಲ ಪಾರಾಗುತ್ತದೆ. ದೋಣಿಯ ಧುಮುಕು ಆ ಎಸೆತವೇ ಆಗಿತ್ತು. ಹೊಸ ಕಥೆಯಲ್ಲಿ ಖಳನಿಲ್ಲ, ಅಪಾಯವಿಲ್ಲ. ಧುಮುಕಿಗೆ ಕಾರಣವೂ ತೆಳುವಾಗಿದೆ. ಮೂಲಚಿತ್ರದ ಖಳನಾದ ಡಾಕ್ಟರ್ ಫಸಿಲಿಯೇ ಏಕಿಲ್ಲವೆಂದು, ಬದಲಾವಣೆಯನ್ನು ಸ್ವಾಗತಿಸಿದವರೂ ಕೇಳಿದರು. ಗುಲಾಮಗಿರಿಯಲ್ಲಿದ್ದವರು ಒಡೆಯರ ಕಣ್ಣೆದುರೇ ಹೇಳಿಕೊಂಡ ಉಪಾಯದ ಕಥೆಯನ್ನು ಕಪ್ಪುವರ್ಣೀಯರ ಗೌರವದ ಹೆಸರಿನಲ್ಲಿ ತೆಗೆಯಬೇಕಾಗಿ ಬಂದದ್ದು ಈ ಪ್ರಕರಣದ ವಿಪರ್ಯಾಸ. ಚಿತ್ರವನ್ನು ತ್ಯಜಿಸಿದ್ದು ಸರಿಯಾದ ನಿರ್ಧಾರವೇ. ಮೊಲಣ್ಣನನ್ನು ಅವನ ನಿಜವಾದ ಕಥೆಗಾರರಿಗೆ ಮರಳಿಸುವ ದಾರಿಯೂ ಇತ್ತು. ಅದನ್ನು ಯಾರೂ ಗಂಭೀರವಾಗಿ ಹುಡುಕಿದಂತೆ ಕಾಣುವುದಿಲ್ಲ.

ಇತರ ಬದಲಾವಣೆಗಳು

ಇಂಥ ಪ್ರತಿರೋಧ ಹೊಸದಲ್ಲ. ಮ್ಯಾಜಿಕ್ ಕಿಂಗ್‌ಡಮ್‌ನ 'ಮಿಸ್ಟರ್ ಟೋಡ್ಸ್ ವೈಲ್ಡ್ ರೈಡ್' ಸವಾರಿಯನ್ನು 1998ರಲ್ಲಿ ಮುಚ್ಚುವ ಮುನ್ನ ಅಭಿಮಾನಿಗಳು ಉದ್ಯಾನದೊಳಗೇ ಪ್ರತಿಭಟಿಸಿದ್ದರು. 'ಪೈರೇಟ್ಸ್ ಆಫ್ ದಿ ಕ್ಯಾರಿಬಿಯನ್' ಸವಾರಿಯಲ್ಲಿ ಹೆಂಗಸರನ್ನು ಹರಾಜು ಹಾಕುವ ದೃಶ್ಯವನ್ನು 2018ರಲ್ಲಿ ಡಿಸ್ನಿಲ್ಯಾಂಡಿನಲ್ಲಿ ಬದಲಿಸಿದಾಗಲೂ ಗದ್ದಲವಾಯಿತು. 2025ರ ಜುಲೈನಲ್ಲಿ ಮ್ಯಾಜಿಕ್ ಕಿಂಗ್‌ಡಮ್‌ನ ಕೃತಕ ನದಿ ಹಾಗೂ ಟಾಮ್ ಸಾಯರ್ ದ್ವೀಪವನ್ನು 'ಕಾರ್ಸ್' ಚಿತ್ರದ ಪ್ರದೇಶಕ್ಕಾಗಿ ಮುಚ್ಚಲಾಯಿತು. ಅದಕ್ಕೆ ಯಾವ ನೈತಿಕ ಕಾರಣವನ್ನೂ ಮುಂದಿಡಲಾಗಲಿಲ್ಲ. ಆದರೂ ವಿರೋಧ ಅಷ್ಟೇ ತೀವ್ರವಾಗಿತ್ತು. ಎಲ್ಲ ವಿರೋಧವೂ ಪ್ರಗತಿಯ ದ್ವೇಷದಿಂದಲೇ ಹುಟ್ಟುತ್ತದೆಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಟೋಕಿಯೊ

ಟೋಕಿಯೊ ಡಿಸ್ನಿಲ್ಯಾಂಡಿನ ಒಡೆತನ ಜಪಾನಿನ ಓರಿಯೆಂಟಲ್ ಲ್ಯಾಂಡ್ ಕಂಪನಿಯದು. ಡಿಸ್ನಿಯಿಂದ ಪರವಾನಗಿ ಪಡೆದು ಅದು ಉದ್ಯಾನವನ್ನು ನಡೆಸುತ್ತದೆ. 2020ರ ಘೋಷಣೆ ಅಮೆರಿಕದ ಉದ್ಯಾನಗಳಿಗೆ ಸೀಮಿತವಾಗಿದ್ದುದರಿಂದ ಅಲ್ಲಿನ ಸ್ಪ್ಲ್ಯಾಶ್ ಮೌಂಟನ್ ಉಳಿದುಕೊಂಡಿತು. ಅಲ್ಲಿ ನರಿಯು ಮೊಲವನ್ನು ಮುಳ್ಳುಪೊದೆಗೆ ಎಸೆಯುವ ಕಥೆ ಮೊದಲಿನಂತೆಯೇ ಮುಂದುವರಿಯಿತು.