ಅಡುಗೆಮನೆಯ ಸಾಮಾನು, ಮಾಟದ ಸಾಮಾನು

ಒಂದು ಚಾಕು, ಒಂದು ಲೋಟ, ಬಟ್ಟಲಿನಲ್ಲಿ ಒಂದಿಷ್ಟು ಉಪ್ಪು, ಒಂದು ಮೇಣದಬತ್ತಿ, ಮೂಲೆಯಲ್ಲೊಂದು ಕಸಬರಿಗೆ. ಇವಿಲ್ಲದ ಮನೆ ಯಾವುದಿದೆ? ಇಂಗ್ಲೆಂಡ್, ಅಮೆರಿಕಗಳಲ್ಲಿ ‘ವಿಕ್ಕಾ’ ಎಂಬ ಪಂಥವನ್ನು ಅನುಸರಿಸುವವರಿಗೆ ಇವೇ ಪೂಜಾ ಸಾಮಗ್ರಿ. ತಮ್ಮನ್ನು ಮಾಟಗಾತಿಯರು, ಮಾಟಗಾರರು ಎಂದು ಯಾವ ಸಂಕೋಚವೂ ಇಲ್ಲದೆ ಕರೆದುಕೊಳ್ಳುವ ಇವರು ಮೇಜಿನ ಮೇಲೆ ಈ ಸಾಮಾನುಗಳನ್ನು ಜೋಡಿಸಿಟ್ಟು ಹುಣ್ಣಿಮೆಯನ್ನೂ ಋತುಗಳನ್ನೂ ಆಚರಿಸುತ್ತಾರೆ. ಇಂಗ್ಲೆಂಡಿನಲ್ಲಿ ಮಾಟಕ್ಕೆ ಸಂಬಂಧಿಸಿದ 1735ರ ಕಾನೂನು ರದ್ದಾದುದು 1951ರಲ್ಲಿ. ಅದಾದ ಮೂರು ವರ್ಷಕ್ಕೆ, 1954ರಲ್ಲಿ, ಜೆರಾಲ್ಡ್ ಗಾರ್ಡ್ನರ್ ಎಂಬ ನಿವೃತ್ತ ಕಸ್ಟಮ್ಸ್ ಅಧಿಕಾರಿ ಪುಸ್ತಕವೊಂದನ್ನು ಬರೆದು ಈ ಪಂಥವನ್ನು ಬಹಿರಂಗಕ್ಕೆ ತಂದ.

ಆತನ ಗುಂಪಿನ ನಿಯಮಗಳಲ್ಲಿ ಒಂದು ಬಲು ಸ್ವಾರಸ್ಯಕರವಾಗಿದೆ. ಉಪಕರಣಗಳೆಲ್ಲ ಯಾರ ಮನೆಯಲ್ಲಾದರೂ ಇರುವ ಮಾಮೂಲು ಸಾಮಾನಿನಂತೆಯೇ ಇರಬೇಕು. ಚಿಹ್ನೆಗಳನ್ನು ಕೊರೆದ ಬಿಲ್ಲೆಯನ್ನು ಮಾತ್ರ ಮೇಣದಲ್ಲಿ ಮಾಡಿಕೊಳ್ಳಬೇಕು. ಯಾರಾದರೂ ಶೋಧನೆಗೆ ಬಂದರೆ ತಟ್ಟನೆ ಮುರಿದು ಕರಗಿಸಿಬಿಡಬಹುದು! ಈ ನಿಯಮ ಬಹು ಪುರಾತನವೆಂದು ಹೇಳಿಕೊಂಡರೂ ಅದು ಗಾರ್ಡ್ನರನ ಕಾಲದ ರಚನೆಯೇ ಎಂದು ಇತಿಹಾಸಕಾರರು ಹೇಳುತ್ತಾರೆ. ಆದರೆ ಅದರ ಹಿಂದಿರುವ ಭಯ ಮಾತ್ರ ಕಟ್ಟುಕಥೆಯಲ್ಲ. ಯೂರೋಪಿನಲ್ಲಿ 15ರಿಂದ 18ನೆಯ ಶತಮಾನದವರೆಗೆ ಮಾಟದ ಆರೋಪದ ಮೇಲೆ ಕೊಲ್ಲಲ್ಪಟ್ಟವರು ಸುಮಾರು 40ರಿಂದ 60 ಸಾವಿರ ಮಂದಿ. ಹೆಚ್ಚಿನವರು ಹೆಂಗಸರು. ಅವರಲ್ಲಿ ಬಹಳಷ್ಟು ಜನರ ಮನೆಯಲ್ಲಿದ್ದುದು ಹೂಜಿ, ಬಟ್ಟಲು, ಬೇರು, ಸೊಪ್ಪು, ಅಷ್ಟೆ. ಅವನ್ನೇ ಮಾಟದ ಸಾಮಾನೆಂದು ಬೇರೆಯವರು ಹೇಳಿದರು.

ಅಂಥ ಒಂದು ಹೂಜಿಯ ಕಥೆ ವಿಜ್ಞಾನದ ವಿದ್ಯಾರ್ಥಿಗಳು ತಿಳಿದಿರಬೇಕಾದದ್ದು. ಏಕೆಂದರೆ ಅದರ ಒಡತಿ ಕಥರೀನಾ, ಗ್ರಹಚಲನೆಯ ಮೂರು ನಿಯಮಗಳನ್ನು ಕೊಟ್ಟ ಯೋಹಾನ್ನೆಸ್ ಕೆಪ್ಲರನ ತಾಯಿ.

ಜರ್ಮನಿಯ ವುರ್ಟೆಂಬರ್ಗ್ ಸಂಸ್ಥಾನದ ಲಿಯೋನ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಆಕೆ ಒಬ್ಬಂಟಿಯಾಗಿದ್ದಳು. ಗಂಡ ಕೂಲಿ ಸೈನಿಕನಾಗಿ ಹೋದವನು ಮರಳಲಿಲ್ಲ. ಗಿಡಮೂಲಿಕೆಗಳ ಪರಿಚಯವಿತ್ತು, ಬಂದವರಿಗೆ ಕಷಾಯ ಕೊಡುತ್ತಿದ್ದಳು. ಮಾತು ಕೊಂಚ ಒರಟು. 1615ರಲ್ಲಿ ಉರ್ಸುಲಾ ರೈನ್‌ಬೋಲ್ಡ್ ಎಂಬ ನೆರೆಯಾಕೆ, ಕಥರೀನಾ ತನಗೆ ತವರದ ಹೂಜಿಯಿಂದ ಕಹಿ ಪಾನೀಯ ಕುಡಿಸಿದ್ದರಿಂದಲೇ ತನಗೆ ಕಾಯಿಲೆ ಹತ್ತಿತೆಂದು ದೂರಿದಳು. ಆ ಮನೆಯಲ್ಲಿ ತವರದ ಹೂಜಿ ಇದ್ದುದರಲ್ಲಿ ಆಶ್ಚರ್ಯವೇನು? ಕಥರೀನಾಳ ಇನ್ನೊಬ್ಬ ಮಗ ಕ್ರಿಸ್ಟೋಫನ ಕಸುಬೇ ತವರದ ಪಾತ್ರೆ ಎರಕ ಹೊಯ್ಯುವುದು. ಉರ್ಸುಲಾಳಿಗೂ ಆತನಿಗೂ ಜಗಳವಾಗಿತ್ತು ಎಂಬುದನ್ನೂ ಇಲ್ಲಿ ನೆನಪಿಡಬೇಕು.

ಒಂದು ದೂರು ಬಂದದ್ದೇ ತಡ, ಊರಿನವರಿಗೆಲ್ಲ ಹಳೆಯ ನೋವುಗಳು ನೆನಪಾದವು. ಶಾಲೆಯ ಮೇಷ್ಟ್ರು, ತನ್ನ ಕಾಲು ಕುಂಟಾದದ್ದು ಅದೇ ಹೂಜಿಯ ಪಾನೀಯ ಕುಡಿದದ್ದರಿಂದ ಎಂದ. ಇಟ್ಟಿಗೆ ಹೊತ್ತು ಹೋಗುತ್ತಿದ್ದ ಹುಡುಗಿಯೊಬ್ಬಳು, ದಾರಿಯಲ್ಲಿ ಮುದುಕಿ ತೋಳಿಗೆ ಹೊಡೆದಳು, ಅಂದಿನಿಂದ ತೋಳು ನೋಯುತ್ತಿದೆ ಎಂದಳು. ಕಥರೀನಾ ತನ್ನ ತಂದೆಯ ತಲೆಬುರುಡೆಯನ್ನು ಅಗೆದುಕೊಡೆಂದು ಸ್ಮಶಾನದ ಕೆಲಸದವನನ್ನು ಕೇಳಿದ್ದುದೂ ಹೊರಬಿತ್ತು. ಹಿಂದಿನವರು ಬುರುಡೆಗೆ ಬೆಳ್ಳಿ ಕಟ್ಟಿಸಿ ಕುಡಿಯುವ ಬಟ್ಟಲು ಮಾಡಿಕೊಳ್ಳುತ್ತಿದ್ದರೆಂದು ಚರ್ಚಿನ ಪ್ರವಚನದಲ್ಲಿ ಕೇಳಿ, ಮಗನಿಗೆ ಅಂಥದೊಂದನ್ನು ಮಾಡಿಸಿಕೊಡಬೇಕೆಂದು ಆಕೆಯ ಆಸೆ! ವಿಚಿತ್ರ ಆಸೆಯೇ ಸರಿ, ಆದರೆ ಅಪರಾಧವಲ್ಲ. ಸಾಲದ್ದಕ್ಕೆ, ದೂರನ್ನು ಕೈಬಿಡಿ ಎಂದು ಊರಿನ ಅಧಿಕಾರಿಗೆ ಬೆಳ್ಳಿಯ ಬಟ್ಟಲೊಂದನ್ನು ಲಂಚವಾಗಿ ಕೊಡಲು ಹೋಗಿ ಆಕೆ ಇನ್ನಷ್ಟು ಸಿಕ್ಕಿಬಿದ್ದಳು. ಹೂಜಿ, ಬುರುಡೆ, ಬಟ್ಟಲು ಎಲ್ಲವೂ ಸೇರಿ ಆರೋಪಗಳ ಪಟ್ಟಿ 49ಕ್ಕೆ ಏರಿತು.

1620ರ ಆಗಸ್ಟ್ ತಿಂಗಳ ಒಂದು ರಾತ್ರಿ ಆಕೆಯನ್ನು ಮಗಳ ಮನೆಯಿಂದ ಪೆಟ್ಟಿಗೆಯೊಂದರಲ್ಲಿ ಅಡಗಿಸಿ ಹೊತ್ತೊಯ್ದು ಸೆರೆಯಲ್ಲಿಟ್ಟರು. ಆಗ ಆಕೆಗೆ ಎಪ್ಪತ್ತು ದಾಟಿತ್ತು. ಕಾಲಿಗೆ ಸರಪಳಿ, ಪಹರೆಗೆ ಇಬ್ಬರು. ಪಹರೆಯವರ ಖರ್ಚೂ ಆಕೆಯದೇ!

ಆ ವೇಳೆಗೆ ಕೆಪ್ಲರ್ ಚಕ್ರವರ್ತಿಯ ಆಸ್ಥಾನ ಗಣಿತಜ್ಞ. ಗ್ರಹವೊಂದು ಸೂರ್ಯನನ್ನು ಸುತ್ತಲು ತೆಗೆದುಕೊಳ್ಳುವ ಕಾಲದ ವರ್ಗವು ಅದರ ಸರಾಸರಿ ದೂರದ ಘನಕ್ಕೆ ಅನುಪಾತದಲ್ಲಿರುತ್ತದೆ ಎಂಬ ಮೂರನೆಯ ನಿಯಮವನ್ನು ಆತ ಕಂಡುಕೊಂಡದ್ದು 1618ರಲ್ಲಿ, ಪ್ರಕಟಿಸಿದ್ದು 1619ರಲ್ಲಿ. ಅಂದರೆ ತಾಯಿಯ ಮೇಲಿನ ಮೊಕದ್ದಮೆ ನಡೆಯುತ್ತಿದ್ದಾಗಲೇ. ಸೆರೆಯ ಸುದ್ದಿ ತಿಳಿದು, ಇದ್ದ ಕೆಲಸ ಬಿಟ್ಟು ಲಿಂಟ್ಸ್ ನಗರದಿಂದ ಹೊರಟುಬಂದ ಆತ ವಾದ ಮಾಡಿದ ರೀತಿ ಗಮನಿಸುವಂಥದು. ಮಾಟವೇ ಇಲ್ಲವೆಂದು ಆತ ವಾದಿಸಲಿಲ್ಲ. ಆ ಕಾಲದಲ್ಲಿ ಅದು ನಡೆಯುವ ಮಾತೂ ಆಗಿರಲಿಲ್ಲ. ಒಂದೊಂದೇ ಆರೋಪವನ್ನು ಕೈಗೆತ್ತಿಕೊಂಡು, ಇದಕ್ಕೆ ಸಹಜವಾದ ಕಾರಣ ಇದೆಯೇ ಎಂದು ಹುಡುಕಿದ. ಉರ್ಸುಲಾಳ ಕಾಯಿಲೆ ಹಳೆಯದು. ಕ್ಷೌರಿಕ ವೈದ್ಯನಾಗಿದ್ದ ಅಣ್ಣನಿಂದ ಆಕೆ ತೀಕ್ಷ್ಣವಾದ ಔಷಧಿಗಳನ್ನು ತೆಗೆದುಕೊಂಡಿದ್ದಳು. ಮೇಷ್ಟ್ರು ಹಳ್ಳವೊಂದನ್ನು ಜಿಗಿಯುವಾಗ ಪೆಟ್ಟು ಮಾಡಿಕೊಂಡಿದ್ದ. ಹುಡುಗಿ ಇಟ್ಟಿಗೆಯ ಭಾರ ಹೊತ್ತಿದ್ದಳು. ಭಾರ ಹೊತ್ತ ತೋಳು ಜೋಮು ಹಿಡಿಯುವುದಕ್ಕೆ ಮಾಟ ಬೇಕೇ?

ಹೂಜಿಯ ವಿಷಯದಲ್ಲಿ ಇಂದಿನವರು ಇನ್ನೊಂದು ಮಾತು ಸೇರಿಸಬಹುದು. ಆ ಕಾಲದ ತವರದ ಪಾತ್ರೆಗಳಲ್ಲಿ ಸೀಸ ಬೆರೆಸುವುದು ಸಾಮಾನ್ಯವಾಗಿತ್ತು. ಹುಳಿ ಬಂದ ದ್ರಾಕ್ಷಾರಸ ಅದನ್ನು ಅಷ್ಟಿಷ್ಟು ಕರಗಿಸುತ್ತದೆ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಣಿಸೆಹುಳಿಯ ಸಾರು ಇಡಬಾರದೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದೂ ಇಂಥದೇ ರಸಾಯನಶಾಸ್ತ್ರ. ಲಿಯೋನ್‌ಬರ್ಗಿನಲ್ಲಿ ಹೀಗೇ ಆಯಿತೆಂದಲ್ಲ. ಪಾತ್ರೆಯನ್ನು ಪರೀಕ್ಷಿಸಬೇಕೆಂಬ ಯೋಚನೆ ಯಾರಿಗೂ ಬರಲಿಲ್ಲ ಎಂಬುದು ಇಲ್ಲಿನ ಮಾತು.

ವಿಚಾರಣೆಯಲ್ಲಿ ಆಕೆ ಕಣ್ಣೀರು ಹಾಕಲಿಲ್ಲ ಎಂಬುದೂ ಅನುಮಾನಕ್ಕೆ ಕಾರಣವಾಯಿತು. ಬಾಳಿನಲ್ಲಿ ಅತ್ತು ಅತ್ತು ಕಣ್ಣೀರು ಮುಗಿದುಹೋಗಿದೆ ಎಂದಳು. ಕೊನೆಗೆ 1621ರ ಸೆಪ್ಟೆಂಬರಿನಲ್ಲಿ ಚಿತ್ರಹಿಂಸೆಯ ಉಪಕರಣಗಳ ಮುಂದೆ ನಿಲ್ಲಿಸಿ ತಪ್ಪೊಪ್ಪಿಕೋ ಎಂದರು. ಒಪ್ಪಲಿಲ್ಲ. ಹದಿನಾಲ್ಕು ತಿಂಗಳ ಸೆರೆಯ ನಂತರ ಅಕ್ಟೋಬರಿನಲ್ಲಿ ಬಿಡುಗಡೆಯಾಯಿತು. 1622ರ ಏಪ್ರಿಲ್‌ನಲ್ಲಿ ತೀರಿಕೊಂಡಳು.

ಗಣಿತಜ್ಞ ಮಗನಿಲ್ಲದವರ ಗತಿ? ಸ್ವಿಟ್ಸರ್ಲೆಂಡಿನ ಗ್ಲಾರುಸ್‌ನಲ್ಲಿ ಆನಾ ಗೋಲ್ಡಿ ಎಂಬ ಮನೆಗೆಲಸದಾಕೆಯ ಮೇಲೆ, ಯಜಮಾನನ ಮಗಳ ಹಾಲಿನ ಬಟ್ಟಲಿನಲ್ಲಿ ಮಾಟದಿಂದ ಗುಂಡುಸೂಜಿ ಬರಿಸಿದಳೆಂಬ ಆರೋಪ. 1782ರಲ್ಲಿ ಆಕೆಯ ತಲೆ ಕಡಿದರು. ಆಕೆ ನಿರಪರಾಧಿಯೆಂದು ಅಲ್ಲಿನ ಶಾಸನಸಭೆ ಒಪ್ಪಿದ್ದು 2008ರಲ್ಲಿ!

ನಮ್ಮಲ್ಲಿಯೂ ಹೊಸ್ತಿಲ ಮೇಲೆ ಕುಂಕುಮ ಹಚ್ಚಿದ ನಿಂಬೆಹಣ್ಣು ಕಂಡರೆ ಸಾಕು, ಮೊದಲು ಕಣ್ಣು ಹೋಗುವುದು ನೆರೆಮನೆಯ ಒಂಟಿ ಹೆಂಗಸಿನ ಕಡೆಗೆ. ಬೀದರ್, ಕಲಬುರಗಿ ಸೀಮೆಯಲ್ಲಿ ಬಾಣಾಮತಿಯ ಹೆಸರಿನಲ್ಲಿ ಹೊಡೆತ ತಿಂದವರಿದ್ದಾರೆ. ವಾಮಾಚಾರ ಮತ್ತು ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧ 2017ರಲ್ಲಿ ರಾಜ್ಯ ಮಾಡಿದ ಕಾನೂನು 2020ರ ಜನವರಿಯಿಂದ ಜಾರಿಯಲ್ಲಿದೆ.

ನಿಂಬೆಹಣ್ಣಿನಿಂದ ‘ರಕ್ತ’ ಬರಿಸಿ ಹೆದರಿಸುವವರ ಗುಟ್ಟನ್ನು ಮಕ್ಕಳು ಮನೆಯಲ್ಲಿಯೇ, ಹಿರಿಯರ ಎದುರಿಗೆ ಮಾಡಿ ನೋಡಬಹುದು. ಕೆಂಪು ದಾಸವಾಳದ ಎಸಳುಗಳನ್ನು ಚಾಕುವಿನ ಅಲಗಿಗೆ ಚೆನ್ನಾಗಿ ಉಜ್ಜಿ ಒಣಗಲು ಬಿಡಿ. ಅಲಗಿನ ಮೇಲೆ ಮಸುಕಾದ ಬಣ್ಣವಷ್ಟೇ ಉಳಿಯುತ್ತದೆ. ಆ ಚಾಕುವಿನಿಂದ ನಿಂಬೆಹಣ್ಣು ಕೊಯ್ದರೆ ರಸ ಕೆಂಪಗೆ ಹರಿಯುತ್ತದೆ. ದಾಸವಾಳದ ವರ್ಣದ್ರವ್ಯ ಆಮ್ಲದಲ್ಲಿ ಕೆಂಪಾಗುತ್ತದೆ, ಪ್ರತ್ಯಾಮ್ಲದಲ್ಲಿ ಹಸಿರಿನತ್ತ ತಿರುಗುತ್ತದೆ. ಅದೇ ಎಸಳನ್ನು ನೀರಿನಲ್ಲಿ ಕಿವುಚಿ, ಅಡುಗೆ ಸೋಡಾ ಹಾಕಿ ನೋಡಿದರೆ ಎರಡನೆಯದೂ ಗೊತ್ತಾಗುತ್ತದೆ. ಚಾಕುವನ್ನು ಮಾತ್ರ ದೊಡ್ಡವರೇ ಹಿಡಿದುಕೊಳ್ಳಲಿ.