ಕಂಪ್ಯೂಟರ್ ಪಾಠ ನಮ್ಮ ಶಾಲೆಯ ಶಿಕ್ಷಕರದೇ ಆಗಲಿ

ಅತ್ತಿಬೆಲೆ ಮತ್ತು ಸುತ್ತಲ ಹಳ್ಳಿಗಳ ತಂದೆತಾಯಂದಿರೇ, ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸದಸ್ಯರೇ, ಕಾರ್ಖಾನೆಗಳ ಮಾಲೀಕರೇ,

ಹೊಸೂರು ರಸ್ತೆ ಹಿಡಿದು ಬೆಂಗಳೂರಿನ ಕಡೆ ಹೊರಟರೆ ಸ್ವಲ್ಪ ದೂರದಲ್ಲೇ ಎಲೆಕ್ಟ್ರಾನಿಕ್ ಸಿಟಿ. 1970ರ ದಶಕದಲ್ಲಿ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ಸಂಸ್ಥೆ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಹೊಲಗಳಲ್ಲಿ ಕನಸು ಕಂಡ ಆ ಜಾಗ ಇವತ್ತು ಜಗತ್ತಿಗೆಲ್ಲ ಸಾಫ್ಟ್‌ವೇರ್ ಕಳಿಸುತ್ತದೆ. ನಮ್ಮೂರಿನವರು ದಿನಾ ಅಲ್ಲಿಗೆ ಹೌಸ್‌ಕೀಪಿಂಗ್‌ಗೆ, ಸೆಕ್ಯುರಿಟಿಗೆ, ಕ್ಯಾಂಟೀನ್ ಕೆಲಸಕ್ಕೆ ಹೋಗುತ್ತಾರೆ. ಅವರ ಮಕ್ಕಳು ಸರ್ಕಾರಿ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸುವ ಹೊತ್ತಿಗೆ ಕೀಬೋರ್ಡ್ ಮೇಲೆ ತಮ್ಮ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಲು ಬರುತ್ತದೆಯೇ? ಮನೆಯಲ್ಲಿ ಇವತ್ತೇ ಕೇಳಿ ನೋಡಿ.

ಸರ್ಕಾರ ಏನೂ ಕೊಟ್ಟಿಲ್ಲ ಎಂದು ಹೇಳಲಾರೆವು. 2001ರಲ್ಲಿ ರಾಜ್ಯದ ‘ಮಾಹಿತಿ ಸಿಂಧು’ ಕಂಪ್ಯೂಟರ್ ಶಿಕ್ಷಣ ಯೋಜನೆ ಬಂತು. 2004ರಲ್ಲಿ ಶಾಲೆಗಳಿಗೆ ಕೇಂದ್ರದ ಐಸಿಟಿ ಯೋಜನೆ ಬಂತು. ಆದರೆ ಪಾಠ ಹೇಳುವ ಹೊಣೆ ಹೊರಗಿನ ಖಾಸಗಿ ಸಂಸ್ಥೆಗಳ ಪಾಲಾಯಿತು. ಅವರ ಕಡೆಯ ಬೋಧಕರು ಬಂದು ಕಂಪ್ಯೂಟರ್ ಪಾಠ ಮಾಡಿ ಹೋಗುತ್ತಿದ್ದರು. ಗಣಿತದ ಮೇಷ್ಟ್ರಿಗೂ ವಿಜ್ಞಾನದ ಮೇಡಂಗೂ ಆ ಕೊಠಡಿ ಪರರ ಮನೆಯಾಯಿತು. ಗುತ್ತಿಗೆ ಮುಗಿದಾಗ ಬೋಧಕರು ಹೋದರು, ಯಂತ್ರಗಳು ಉಳಿದವು. ಕಲಿತವರು ಶಾಲೆಯಲ್ಲಿ ಉಳಿಯದಿದ್ದರೆ ಎಷ್ಟೇ ಯಂತ್ರ ಬಂದರೂ ಕಥೆ ಇದೇ. ಪೆರು ದೇಶದಲ್ಲಿ 10 ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಹಂಚಿದರೂ, ಪಾಠದ ಕ್ರಮಕ್ಕೆ ಅವನ್ನು ಸೇರಿಸದೆ ಹೋದದ್ದರಿಂದ ಮಕ್ಕಳ ಕಲಿಕೆ ಸುಧಾರಿಸಲಿಲ್ಲ ಎಂದು ಯುನೆಸ್ಕೋ 2023ರ ವರದಿಯಲ್ಲಿ ಬರೆದಿದೆ.

ಪಕ್ಕದ ಕೇರಳ ಅದೇ 2001ರಲ್ಲಿ ಬೇರೆ ದಾರಿ ಹಿಡಿಯಿತು. ಐಟಿ@ಸ್ಕೂಲ್ ಎಂದು ಶುರುವಾಗಿ ಇಂದು ಕೈಟ್ ಎಂಬ ಹೆಸರಿನಲ್ಲಿರುವ ಆ ಯೋಜನೆ ಶಾಲೆಯ ಶಿಕ್ಷಕರನ್ನೇ ತರಬೇತುಗೊಳಿಸಿತು. ಲೈಸೆನ್ಸ್‌ಗೆ ದುಡ್ಡು ಸುರಿಯದೆ ಮುಕ್ತ ತಂತ್ರಾಂಶ ಬಳಸಿತು. ಎಸ್ಸೆಸ್ಸೆಲ್ಸಿಯಲ್ಲಿ ಐಟಿಗೆ ಪರೀಕ್ಷೆ ಇಟ್ಟಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಈ ಪಾಠವನ್ನು ಕನ್ನಡ ಪಠ್ಯಪುಸ್ತಕದಲ್ಲೇ ಓದುತ್ತಾರೆ. ಗಡಿಯಾಚೆಯ ಕನ್ನಡದ ಮಗುವಿಗೆ ಸಿಕ್ಕದ್ದು ಎಲೆಕ್ಟ್ರಾನಿಕ್ ಸಿಟಿಯ ನೆರೆಯ ಮಗುವಿಗೂ ಸಿಗಬೇಕು.

ನಮ್ಮಲ್ಲಿ ಇದಕ್ಕೆ ಬೇರು ಇಲ್ಲದಿಲ್ಲ. ರಾಜ್ಯ ಶಿಕ್ಷಣ ಇಲಾಖೆಯ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ‘ವಿಷಯ ಶಿಕ್ಷಕರ ವೇದಿಕೆ’ ಕಟ್ಟಿದವು. ಪ್ರೌಢಶಾಲೆ ಶಿಕ್ಷಕರು ತಾವೇ ಕನ್ನಡದಲ್ಲಿ ಪಾಠದ ಸಾಮಗ್ರಿ ಬರೆದು ಎಲ್ಲರಿಗೂ ಉಚಿತವಾಗಿ ಸಿಗುವಂತೆ ಜಾಲತಾಣದಲ್ಲಿಟ್ಟರು. ನಮ್ಮ ಶಿಕ್ಷಕರಿಗೆ ಇದು ಸಾಧ್ಯವಿಲ್ಲ ಎನ್ನುವವರು ಅದನ್ನು ತೆರೆದು ನೋಡಲಿ.

ನಾವು ಕೇಳುವ ಪಾಠ ಎಂಥದು? ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶದಲ್ಲಿ ಅರ್ಧವೃತ್ತದ ಮೇಲೆ ಒಂದು ಬಿಂದುವನ್ನು ಮಗು ಅತ್ತಿತ್ತ ಎಳೆದಾಡಲಿ. ಬಿಂದು ಎಲ್ಲಿಗೆ ಸರಿದರೂ ವ್ಯಾಸದ ಎರಡು ತುದಿಗಳಿಂದ ಅಲ್ಲಿ ಉಂಟಾಗುವ ಕೋನ 90 ಡಿಗ್ರಿಯಾಗೇ ಉಳಿಯುತ್ತದೆ. ‘ಯಾಕೆ ಮಿಸ್?’ ಎಂದು ಮಗು ಕೇಳುತ್ತದೆ. ಪ್ರಮೇಯದ ಸಾಧನೆ ಆ ಪ್ರಶ್ನೆಯಿಂದ ಶುರುವಾಗಲಿ. ಸಮಾಜ ವಿಜ್ಞಾನದ ಪೀರಿಯಡ್‌ನಲ್ಲಿ ಆನೇಕಲ್ ತಾಲ್ಲೂಕಿನ ಕೆರೆಗಳನ್ನು ಉಪಗ್ರಹ ಚಿತ್ರದಲ್ಲಿ ಹುಡುಕಲಿ, ಹಳೆಯ ಚಿತ್ರದೊಂದಿಗೆ ಹೋಲಿಸಲಿ. ಕನ್ನಡದ ಪೀರಿಯಡ್‌ನಲ್ಲಿ ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಪ್ರಬಂಧ ಟೈಪ್ ಮಾಡಲಿ. ಸ್ಮಾರ್ಟ್ ಬೋರ್ಡ್ ಮೇಲೆ ವಿಡಿಯೊ ಹಾಕಿ ಅರವತ್ತು ಮಕ್ಕಳನ್ನು ಕೂರಿಸಿದರೆ ಅದು ಪಾಠವಾಗದು, ಮೌಸ್ ಮಗುವಿನ ಕೈಯಲ್ಲಿರಬೇಕು. ಈಗಲೇ ಕೋಡಿಂಗ್ ಕಲಿಯದಿದ್ದರೆ ಮಗು ಹಿಂದೆ ಬೀಳುತ್ತದೆ ಎಂದು ಹೆದರಿಸಿ ಫೀಸು ಕೇಳುವವರಿಗೆ ದಯವಿಟ್ಟು ಸಾಲ ಮಾಡಿ ದುಡ್ಡು ಕಟ್ಟಬೇಡಿ.

ಮನೆಯಲ್ಲಿ ಫೋನ್ ಇದೆಯಲ್ಲ, ಸಾಲದೇ ಎನ್ನುವವರಿಗೆ ಕೊರೊನಾ ಕಾಲ ಉತ್ತರ ಕೊಟ್ಟಿದೆ. ನಮ್ಮ ಸರ್ಜಾಪುರದ ಬಳಿಯೇ ಕ್ಯಾಂಪಸ್ ಇರುವ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2020ರಲ್ಲಿ ಐದು ರಾಜ್ಯಗಳ ಸರ್ಕಾರಿ ಶಾಲೆಗಳನ್ನು ಅಧ್ಯಯನ ಮಾಡಿತು. ಶೇ. 60ಕ್ಕೂ ಹೆಚ್ಚು ಮಕ್ಕಳಿಗೆ ಆನ್‌ಲೈನ್ ಪಾಠ ದಕ್ಕಿರಲಿಲ್ಲ. ಅಪ್ಪ ಶಿಫ್ಟಿಗೆ ಹೋದರೆ ಫೋನೂ ಅಪ್ಪನ ಜೇಬಿನಲ್ಲೇ ಹೋಗುತ್ತದೆ. ಅಣ್ಣ ತಂಗಿಯರ ನಡುವೆ ಅದು ಮೊದಲು ಅಣ್ಣನ ಕೈಗೆ ಸಿಗುತ್ತದೆ. ಶಾಲೆಯ ಕೊಠಡಿಯಲ್ಲಿ ಮಾತ್ರ ಹೆಣ್ಣುಮಗುವಿಗೂ ಸಮಪಾಲು. ಒಟಿಪಿ ಯಾರಿಗೂ ಹೇಳಬಾರದು, ಮೋಸ ಹೋದರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು ಎಂದು ಶಾಲೆಯಲ್ಲಿ ಕಲಿತ ಮಗಳು ಮನೆಮಂದಿಯ ಸಂಬಳವನ್ನೇ ಉಳಿಸಬಲ್ಲಳು.

ಕಾರ್ಖಾನೆಗಳ ಮಾಲೀಕರಲ್ಲಿ ಒಂದು ಮಾತು. 2013ರ ಕಂಪನಿ ಕಾಯ್ದೆಯ 135ನೇ ಕಲಂ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆನ್ನುತ್ತದೆ, ಕೆಲಸ ನಡೆಸುವ ಸ್ಥಳಕ್ಕೇ ಆದ್ಯತೆ ಕೊಡಿ ಎಂದೂ ಹೇಳುತ್ತದೆ. ನಿಮ್ಮ ಆಫೀಸಿನ ಹಳೆಯ ಕಂಪ್ಯೂಟರ್ ಕೊಟ್ಟು, ರಿಬ್ಬನ್ ಕತ್ತರಿಸಿ, ಫೋಟೊ ತೆಗೆಸಿಕೊಂಡರೆ ಸಾಲದು. ಐದು ವರ್ಷದ ರಿಪೇರಿ, ಯುಪಿಎಸ್ ಬ್ಯಾಟರಿ, ಇಂಟರ್ನೆಟ್ ಮತ್ತು ಶಿಕ್ಷಕರ ತರಬೇತಿಯ ಖರ್ಚು ಹೊತ್ತುಕೊಳ್ಳಿ. ನಿಮ್ಮ ಇಂಜಿನಿಯರುಗಳು ಬರುವುದಾದರೆ ಮೊದಲು ಶಿಕ್ಷಕರ ಜತೆ ಕೂರಲಿ.

ಪೋಷಕರೇ, ಕರೆಂಟ್ ಬಿಲ್ಲಿನ ನೆಪಕ್ಕೂ ಈಗ ಜಾಗವಿಲ್ಲ. 2023ರ ರಾಜ್ಯೋತ್ಸವದಂದು ಸರ್ಕಾರ ತನ್ನ ಶಾಲೆಗಳಿಗೆ ಉಚಿತ ವಿದ್ಯುತ್ ಘೋಷಿಸಿದೆ. ಮುಂದಿನ ಎಸ್‌ಡಿಎಂಸಿ ಸಭೆಗೆ ರಜೆ ಹಾಕಿಯಾದರೂ ಬನ್ನಿ. ಎಷ್ಟು ಕಂಪ್ಯೂಟರ್ ನಡೆಯುತ್ತಿವೆ, ವೇಳಾಪಟ್ಟಿಯಲ್ಲಿ ಪ್ರತಿ ತರಗತಿಗೆ ವಾರಕ್ಕೆ ಎಷ್ಟು ಪೀರಿಯಡ್ ಇದೆ, ಕೊಠಡಿಯ ಬೀಗದ ಕೈ ಯಾರ ಬಳಿ ಇದೆ ಎಂದು ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿ, ಒಂದು ಪ್ರತಿಯನ್ನು ಆನೇಕಲ್ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಇಂತಿ,
ಸರ್ಕಾರಿ ಶಾಲೆ ಮಕ್ಕಳ ಪೋಷಕರು, ಅತ್ತಿಬೆಲೆ

ಓದಿದ ಮೇಲೆ ಪಕ್ಕದ ಮನೆಯವರಿಗೆ ಕೊಡಿ.