ಮೆಕ್ಕೆಜೋಳದ ಬಿಲ್ಲೂ ಕೋಳಿಯ ಕಾಲೂ

ನಾವು ಕೋಳಿ ತಿನ್ನುವವರಲ್ಲ, ಆದ್ದರಿಂದ ಕೋಳಿಯ ವಿಚಾರ ನಮ್ಮದಲ್ಲ ಎಂಬ ಸಮಾಧಾನವನ್ನು ವಿಶಾಖಪಟ್ಟಣ, ವಿಜಯವಾಡಗಳಲ್ಲಿ ನೆಲೆಸಿರುವ ಶ್ರಾವಕರ ಬಾಯಲ್ಲಿ ಕೇಳಿದ್ದೇನೆ. ಲೆಕ್ಕಪರಿಶೋಧಕನಾದ ನನಗೆ ಇದು ಒಪ್ಪಿಗೆಯಾಗದು. ನಮ್ಮವರು ಮಾರುವ ಮೆಕ್ಕೆಜೋಳ, ಸೋಯಾ ಹಿಂಡಿಗಳ ಬಿಲ್ಲುಗಳಲ್ಲಿ ಎಷ್ಟೋ ಕೋಳಿಮೇವಿನ ಗಿರಣಿಗಳ ಹೆಸರಿಗಿವೆ.

ಆ ಮೇವು ಮಾಡುವುದೇನು? ಸುಮಾರು 40 ಗ್ರಾಂ ತೂಗುವ ಮರಿ 42 ದಿನಗಳಲ್ಲಿ 2 ಕಿಲೋ ಮೀರುತ್ತದೆ. ಮಾಂಸ ಬೆಳೆಯುವ ವೇಗಕ್ಕೆ ಮೂಳೆ ಬಲಿಯುವುದಿಲ್ಲ. ಧಾನ್ಯದ ರಂಜಕದ ಬಹುಪಾಲು ಫೈಟೇಟ್ ರೂಪದಲ್ಲಿದ್ದು ಕೋಳಿಗೆ ದಕ್ಕದು. ಕ್ಯಾಲ್ಸಿಯಂ-ರಂಜಕಗಳ ಪ್ರಮಾಣ ತಪ್ಪಿದರೆ, ಡಿ3 ಜೀವಸತ್ವ ಸಾಲದಾದರೆ, ಕಾಲು ಬಾಗಿ ಹಕ್ಕಿ ಕುಸಿಯುತ್ತದೆ. ಪ್ರಮಾಣವನ್ನು ಸರಿಪಡಿಸಬಹುದು, ನಿಜ. ಮೊದಲ ವಾರಗಳಲ್ಲಿ ಮೇವನ್ನು ಮಿತಗೊಳಿಸಿದರೂ ಕಾಲಿನ ತೊಂದರೆ ತಗ್ಗುತ್ತದೆ. ಆದರೆ ತೂಕ ತಡವಾಗುತ್ತದೆ. ತಡವಾದ ಪ್ರತಿ ದಿನಕ್ಕೂ ಬಡ್ಡಿಯುಂಟು.

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಉಮಾಸ್ವಾಮಿಗಳು ಅತಿಭಾರಾರೋಪಣವನ್ನೂ ಎಣಿಸಿದ್ದಾರೆ. ನಾವು ಎತ್ತಿನ ಬೆನ್ನಿನ ಮೂಟೆಯನ್ನಷ್ಟೇ ಕಂಡೆವು. ಇಲ್ಲಿ ಹಕ್ಕಿಯ ಮೈಯೇ ಅದರ ಕಾಲಿನ ಮೇಲೆ ಹೇರಿದ ಹೊರೆ, ಹೇರಿದ್ದು ನಾವು ತೂಗಿ ಕೊಟ್ಟ ಅನ್ನ.

ದಶಲಕ್ಷಣ ಪರ್ವದಲ್ಲಿ ಗೆಡ್ಡೆಗೆಣಸು ಬಿಡುವ ಮನೆಗಳು ಈ ವರ್ಷ ಮಾರಾಟದ ಪುಸ್ತಕವನ್ನೂ ತೆರೆದು, ಕೋಳಿಮೇವಿನಿಂದ ಬಂದ ಮೊತ್ತವನ್ನು ಪ್ರತ್ಯೇಕವಾಗಿ ಬರೆಯಲಿ. ನನ್ನ ಕಕ್ಷಿದಾರರಿಗೂ ಇದನ್ನೇ ಹೇಳಿದೆ, ಇಬ್ಬರು ಸಿಟ್ಟಾಗಿದ್ದಾರೆ.